ಬಾಣಂತಿ ಕಟ್ಟೆಯ ಮೇಲೆ ಹತ್ತಿಯ ಗಾದಿ

ಅಕ್ಕನೂ ಉಳಿದಳು, ಕೂಸೂ ಉಳಿಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಂಗತಿಯನ್ನು ಯಾರಿಗಾದರೂ ಹೇಳಲು ಕೂತರೆ ನಡುವೆ ಎಲ್ಲೋ ನನ್ನ ದನಿ ನಿಂತುಬಿಡುತ್ತದೆ. ಕೇಳುವವರು ಕೆಟ್ಟದ್ದನ್ನೇ ಊಹಿಸಿಕೊಂಡು ನನ್ನ ಮುಖ ನೋಡತೊಡಗುತ್ತಾರೆ. ಹಾಗೇನೂ ಆಗಲಿಲ್ಲ. ಆ ಕೂಸಿನ ಮೀಸೆ ಈಗ ನರೆಯುತ್ತಿದೆ.

ಆದರೆ ಆ ಮಧ್ಯಾಹ್ನದ ಎರಡು ತಾಸು ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ. ಬಸ್ಸಿನಲ್ಲಿ ಕೂತಾಗ, ಹಾಲು ಕಾಯಿಸುತ್ತ ನಿಂತಾಗ, ಅದು ತಾನಾಗಿ ಮೊದಲಿನಿಂದ ಶುರುವಾಗುತ್ತದೆ. ಗಡಿಗೆ ಸರಿಸುತ್ತೇನೆ. ಗಾದಿ ಹಾಸುತ್ತೇನೆ. ಬಾಗಿಲು ಹಾಕುತ್ತೇನೆ. ಇಲ್ಲಿ ನಿಲ್ಲಬಹುದಿತ್ತು, ಇಲ್ಲಾದರೂ ನಿಲ್ಲಬಹುದಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ನಮ್ಮ ಊರು ಮೊರಬದ ಆಚೆ, ಎರೆಹೊಲಗಳ ನಡುವೆ. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಎರಡನೆಯ ವರ್ಷ ಓದುತ್ತಿದ್ದೆ. ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಊರಿಗೆ ಬಂದಾಗ ಹೆಂಗಸರು ಕಾಗದ ಓದಿಸಿಕೊಳ್ಳಲು ಬರುತ್ತಿದ್ದರು, ಔಷಧದ ಸೀಸೆಯ ಮೇಲಿನ ಅಕ್ಷರ ತೋರಿಸುತ್ತಿದ್ದರು. ಎಲ್ಲದಕ್ಕೂ ನನ್ನ ಬಳಿ ಉತ್ತರವಿದೆ ಎಂದು ಅವರು ತಿಳಿದಿದ್ದರು. ಸ್ವಲ್ಪ ನಾನೂ ತಿಳಿದಿದ್ದೆ.

ಆ ಚಳಿಗಾಲ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ವರ್ಷ ಅವಳ ಬಸಿರು ಆರು ತಿಂಗಳಿಗೇ ಹೋಗಿತ್ತು. ಆದ್ದರಿಂದ ಈ ಕೂಸು ಹುಟ್ಟಿ ಅತ್ತಾಗ ಅವ್ವ ಖುಷಿಗೆ ಅಳುತ್ತ ಕೂತಳೇ ಹೊರತು ಯಾರಿಗೂ ಸಕ್ಕರೆ ಹಂಚಲಿಲ್ಲ. ಹದಿನೈದು ದಿನ ಕಳೆಯಲಿ, ಆಮೇಲೆ ಹಂಚೋಣ ಎಂದಳು. ನಾನು ರಜೆಗೆ ಬಂದಾಗ ಕೂಸಿಗೆ ಐದು ದಿನ.

ನಮ್ಮ ಕಡೆ ಬಾಣಂತಿಯನ್ನು ಬೆಚ್ಚಗಿಡಲು ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಡುತ್ತಾರೆ, ಕುಳ್ಳಿನ ಕೆಂಡ ತುಂಬಿದ ಮಣ್ಣಿನ ಪಾತ್ರೆ. ನಮ್ಮ ಮನೆಯಲ್ಲಿ ಅದರ ಬದಲು ಕಟ್ಟೆ ಇತ್ತು. ಅದನ್ನು ಮಾಡಿಸಿದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅವಳ ತವರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ಅಲ್ಲಿ ಮಳೆ ಹೆಚ್ಚು, ಚಳಿ ಹೆಚ್ಚು, ಕಟ್ಟಿಗೆಯೂ ಹೆಚ್ಚು. ಈ ಬಯಲುಸೀಮೆಗೆ ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಅವಳು ತನ್ನ ಅಣ್ಣನನ್ನು ಕರೆಸಿ ಕಟ್ಟಿಸಿದಳಂತೆ. ಬಚ್ಚಲಿನಲ್ಲಿ ಹಂಡೆಯ ಒಲೆ. ಅದರ ಹೊಗೆ ನೆಟ್ಟಗೆ ಹೊರಗೆ ಹೋಗದೆ ಗೋಡೆ ದಾಟಿ, ಒಳಗಿನ ಕೋಣೆಯ ಮಣ್ಣಿನ ಕಟ್ಟೆಯ ಹೊಟ್ಟೆಯೊಳಗೆ ತೆವಳಿ, ಆ ತುದಿಯಲ್ಲಿ ಹಿತ್ತಲ ಗೋಡೆಯ ಹೊಗೆಗೂಡಿನಿಂದ ಹೊರಬೀಳುತ್ತಿತ್ತು. ಬೆಳಿಗ್ಗೆ ಬಾಣಂತಿಗೆ ಎರೆಯಲು ಒಂದು ತಾಸು ಒಲೆ ಉರಿಸಿದರೆ ಕಟ್ಟೆ ಸಂಜೆಯತನಕ ಬೆಚ್ಚಗಿರುತ್ತಿತ್ತು. ಬೆಂಕಿ ಆ ಕೋಣೆಯಲ್ಲಿ, ಬಿಸಿ ಈ ಕೋಣೆಯಲ್ಲಿ. ಕೆಂಡ ಸಿಡಿಯುವ ಭಯವಿಲ್ಲ, ಸೀರೆಯ ಸೆರಗು ತಾಗುವ ಭಯವಿಲ್ಲ.

ಕಟ್ಟೆ ಐದು ಮೊಳ ಉದ್ದ. ಒಲೆಯ ಕಡೆಯ ಎರಡು ಮೊಳದಲ್ಲಿ ದೊಡ್ಡವ್ವ ಮೂರು ಗಡಿಗೆ ನೀರು ಇಟ್ಟಿದ್ದಳು. ಕೂಸಿನ ಬಟ್ಟೆ ತೊಳೆಯಲು ಸದಾ ಬೆಚ್ಚನೆಯ ನೀರು ಸಿಗಲಿ ಎಂದು ಅವು ಅಲ್ಲಿವೆ ಅಂತ ನಾನು ತಿಳಿದಿದ್ದೆ. ಉಳಿದ ಮೂರು ಮೊಳದ ಮೇಲೆ ಈಚಲ ಚಾಪೆ, ಅದರ ಮೇಲೆ ಮಡಚಿದ ಕರಿ ಕಂಬಳಿ. ಅಷ್ಟೇ. ಅಲ್ಲಿ ಬಾಣಂತಿ ಗೋಡೆಗೆ ಒರಗಿ ಕೂರುತ್ತಿದ್ದಳು, ಮಲಗಬೇಕೆಂದರೆ ಮೊಣಕಾಲು ಮಡಚಿಕೊಂಡು ಮಲಗುತ್ತಿದ್ದಳು. ರಾತ್ರಿಗೆ ಮಾತ್ರ ಹೊರಸು.

ಅಕ್ಕನಿಗೆ ಕಂಬಳಿ ಆಗುತ್ತಿರಲಿಲ್ಲ. ಅದು ಚುಚ್ಚುತ್ತದೆ, ಬೆನ್ನೆಲ್ಲ ತುರಿಕೆ ಎದ್ದಿದೆ ಎನ್ನುತ್ತಿದ್ದಳು. ಕಾಲು ಚಾಚಲಾಗದೆ ಸೊಂಟ ಹಿಡಿದುಕೊಂಡಿತ್ತು. ಅವಳ ಹೊರಸಿನ ಮೇಲೆ ಹೊಸ ಗಾದಿ ಇತ್ತು. ಮಗಳ ಬಾಣಂತನಕ್ಕೆಂದು ಅವ್ವ ನಮ್ಮ ಹೊಲದ ಹತ್ತಿಯನ್ನೇ ಹಿಂಜಿಸಿ ತುಂಬಿಸಿದ್ದು, ಕೈ ಇಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ಅದನ್ನು ಕಟ್ಟೆಗೆ ಹಾಕಿಕೊಡಲು ಅಕ್ಕ ಎರಡು ಸಲ ಕೇಳಿದ್ದಳು. ದೊಡ್ಡವ್ವ ಎರಡು ಸಲವೂ ಬೇಡ ಎಂದಿದ್ದಳು. ಯಾಕೆ ಬೇಡ ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಿರಿಯರ ಹಟಗಳಲ್ಲಿ ಇದೂ ಒಂದು ಎಂದುಕೊಂಡೆವು.

ಎಳ್ಳ ಅಮಾವಾಸ್ಯೆಯ ದಿನ ಮನೆಯವರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಪದ್ಧತಿ. ಬೆಳೆದು ನಿಂತ ಜೋಳಕ್ಕೆ ಎಡೆ ತೋರಿಸಿ, ಅನ್ನವನ್ನು ಹೊಲದ ನಾಲ್ಕೂ ಕಡೆ ಎರಚಿ, ಅಲ್ಲೇ ಉಂಡು ಬರುವುದು. ಆ ದಿನ ಊರಿನಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಬಾಣಂತಿ ಹೋಗುವಂತಿಲ್ಲ. ಅವಳ ಜೊತೆಗೆ ನಾನು ಉಳಿದೆ.

ಚಕ್ಕಡಿ ಹತ್ತುವ ಮೊದಲು ದೊಡ್ಡವ್ವ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದಳು. ಹೊತ್ತು ನೆತ್ತಿಗೆ ಬಂದಾಗ ಒಲೆಗೆ ಎರಡು ಹಿಡಿ ಹತ್ತಿಕಟ್ಟಿಗೆ ಹಾಕಬೇಕು, ಹೆಚ್ಚಿಗೆ ಬೇಡ. ಕೂಸಿಗೆ ಲೋಬಾನದ ಹೊಗೆ ತೋರಿಸಬೇಕು. ಅಕ್ಕನಿಗೆ ಅಂಟಿನುಂಡಿ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಹೇಳಿದಳು.

"ಬಾಗಲಾ ತೆರದು ಕುಂದರಬ್ಯಾಡ. ಗಾಳಿ ಒಳಗ ಬಂತಂದ್ರ ನಾ ನಿನ್ನ ಹೊರಗ ಹಾಕ್ತೀನಿ, ನೋಡು."

ಆ ಕೋಣೆಗೆ ಗಾಳಿ ಬರುವ ದಾರಿಯನ್ನು ಅವಳು ಆಗಲೇ ಮುಚ್ಚಿದ್ದಳು. ಕಿಟಕಿಗೆ ಹಳೆಯ ಸೀರೆ ತುರುಕಿದ್ದಳು. ಮಾಳಿಗೆಯ ಬೆಳಕಿಂಡಿಯ ಮೇಲೆ ಮಣ್ಣಿನ ಮುಚ್ಚಳ ಕವುಚಿದ್ದಳು. ಉಳಿದದ್ದು ಬಾಗಿಲು ಒಂದೇ.

ಚಕ್ಕಡಿ ಓಣಿ ದಾಟುತ್ತಿದ್ದಂತೆ ಅಕ್ಕ ನಕ್ಕಳು. "ಹೋದ್ಲಲ್ಲಾ ನಮ್ಮ ಫೌಜದಾರ. ಇನ್ನರ ಆ ಗಾದಿ ಹಾಸಿಕೊಡ, ನಿನ್ನ ಕಾಲಿಗೆ ಬೀಳ್ತೀನಿ."

ಹಾಸಿಕೊಟ್ಟೆ. ಗಾದಿ ಕಟ್ಟೆಯ ಉಳಿದ ಜಾಗಕ್ಕಿಂತ ಉದ್ದವಿತ್ತು. ಆದ್ದರಿಂದ ಮೂರೂ ಗಡಿಗೆಗಳನ್ನು ಇಳಿಸಿ ಬಾಗಿಲ ಮೂಲೆಯಲ್ಲಿಟ್ಟೆ. ಒಂದು ಗಡಿಗೆಯ ತಳಕ್ಕೆ ಅಂಟಿಕೊಂಡು ಕಟ್ಟೆಯ ಮಣ್ಣು ಹೆಂಚಿನ ಚೂರಿನಂತೆ ಎದ್ದು ಬಂತು. ಅಲ್ಲಿ ಕೆಳಗೆ ಹಾಸಿದ ಪರಸಿ ಕಲ್ಲು ಕಾಣಿಸಿತು, ಅದರ ಮೇಲೊಂದು ಸೀಳು. ಆ ಚೂರನ್ನು ಮತ್ತೆ ಅಲ್ಲೇ ಒತ್ತಿ, ಪುಡಿಯನ್ನು ಅಂಗೈಯಿಂದ ಗುಡಿಸಿ, ಗಾದಿ ಹಾಸಿದೆ. ಅಂಗೈಗೆ ಬಿಸಿ ಹತ್ತಿತ್ತು. ಬೆಳಗಿನ ಒಲೆಯದು, ಇನ್ನೇನು ಆರುತ್ತದೆ ಎಂದುಕೊಂಡೆ. ಪಿ.ಯು.ಸಿ.ಯಲ್ಲಿ ಉಷ್ಣದ ಪಾಠ ಓದಿದ್ದೆ. ಹತ್ತಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ಆದ್ದರಿಂದ ಅಕ್ಕನ ಬೆನ್ನಿಗೆ ಬಿಸಿ ಹದವಾಗಿ ಬರುತ್ತದೆ ಎಂದು ಲೆಕ್ಕ ಹಾಕಿದೆ. ಮೇಲೆ ಬರಲಾರದ ಬಿಸಿ ಕೆಳಗೇ ಕೂಡಿಕೊಳ್ಳುತ್ತದೆ ಎನ್ನುವ ಇನ್ನೊಂದು ಅರ್ಧ ನನಗೆ ಹೊಳೆಯಲಿಲ್ಲ. ಪಾಠದಲ್ಲಿ ಎರಡೂ ಇದ್ದವು.

ದಿಂಬನ್ನು ನಾನು ಮೊದಲು ಒಲೆಯ ಕಡೆಗೇ ಇಟ್ಟಿದ್ದೆ, ತಲೆ ಬೆಚ್ಚಗಿರಲಿ ಎಂದು. ಅಕ್ಕ ಮಲಗಿ ನೋಡಿ, ಎದುರಿನ ಬಾಗಿಲ ಸಂದಿಯ ಬೆಳಕು ಕಣ್ಣಿಗೆ ಬೀಳುತ್ತದೆ ಎಂದು ದಿಕ್ಕು ಬದಲಿಸಿದಳು. ತಲೆ ಬಾಗಿಲ ಕಡೆಗಾಯಿತು, ಕಾಲು ಒಲೆಯ ಕಡೆಗೆ. ಬೇಡವಾದ ಕಂಬಳಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಕೂಸು ಅವಳ ಎದೆಯ ಬಳಿ. ಎಷ್ಟೋ ವರ್ಷಗಳ ಮೇಲೂ ನಾನು ತಟ್ಟನೆ ನಿಂತುಬಿಡುವುದು ಈ ಜಾಗದಲ್ಲಿ. ಬಾಗಿಲಿಗೆ ಸಂದಿ ಇರದಿದ್ದರೆ?

ನಡುಹಗಲಿಗೆ ಒಲೆಗೆ ಕಟ್ಟಿಗೆ ಹಾಕಲು ಹೋದೆ. ಹತ್ತಿಕಟ್ಟಿಗೆ ಬೇಗ ಉರಿದು ಹೋಗುತ್ತದೆ, ಪದೇ ಪದೇ ಯಾರು ಏಳಬೇಕು ಎಂದು ಎರಡು ಜಾಲಿಯ ಕೊರಡು ಒಳಗೆ ತಳ್ಳಿದೆ. ಜಾಲಿಯ ಉರಿ ಹತ್ತಿಕಟ್ಟಿಗೆಯದಕ್ಕಿಂತ ಎಷ್ಟೋ ಬಿಸಿ, ತಾಸುಗಟ್ಟಲೆ ಆರುವುದಿಲ್ಲ. ಆಮೇಲೆ ಲೋಬಾನ ಹಾಕಿ ಹೊಗೆ ಹಿಡಿದೆ. ಕೋಣೆ ಮೋಡ ಕವಿದಂತಾಯಿತು. ಅಕ್ಕ ಒಂದು ಉಂಡಿ ತಿಂದು, ಇಂಥ ಸುಖ ತನಗೆ ಗಂಡನ ಮನೆಯಲ್ಲೂ ಸಿಕ್ಕಿಲ್ಲ ಎಂದು ಹೇಳಿ ಕಾಲು ಚಾಚಿದಳು. ನಾನು ಬಾಗಿಲು ಎಳೆದುಕೊಂಡು ಪಡಸಾಲೆಗೆ ಬಂದು ಪುಸ್ತಕ ಹಿಡಿದೆ.

ಸ್ವಲ್ಪ ಹೊತ್ತಿನ ಮೇಲೆ ಒಮ್ಮೆ ಇಣುಕಿದೆ. ಹೊಗೆ ಇತ್ತು. ಲೋಬಾನದ್ದು ಎಂದುಕೊಂಡೆ, ಅದರದೇ ವಾಸನೆ. ತಲೆ ಭಾರವಾಗಿದೆ ಎಂದು ಅಕ್ಕ ನಿದ್ದೆಗಣ್ಣಿನಲ್ಲೇ ಹೇಳಿದಳು. ಅಷ್ಟು ಬಿಸಿನೀರು ಎರೆಸಿಕೊಂಡರೆ ಯಾರಿಗಾದರೂ ತಲೆ ಭಾರವಾಗುತ್ತದೆ, ಮಲಗು ಎಂದೆ. ಕೂಸು ಅಲುಗಾಡದೆ ಮಲಗಿತ್ತು. ದಿನವೂ ಈ ಹೊತ್ತಿಗೆ ಹಾಲಿಗೆ ಅಳುವ ಕೂಸು ಇವತ್ತು ಎಷ್ಟು ಚೆನ್ನಾಗಿ ಮಲಗಿದೆ ಎಂದು ನನಗೆ ಹಿಗ್ಗಾಯಿತು. ಗಾದಿಯ ಗುಣ ಎಂದುಕೊಂಡೆ. ಸಂಜೆ ದೊಡ್ಡವ್ವನಿಗೆ ಇದನ್ನು ಹೇಳಿ ಗೆಲ್ಲಬೇಕೆಂದು ಮಾತು ಜೋಡಿಸಿಕೊಂಡೆ.

ಮತ್ತೆ ಪುಸ್ತಕ ತೆರೆದೆ. ಒಂದು ಪುಟ ಮುಗಿಸಿ ಕಾಲು ಚಾಚಿದಾಗ ಪಾದಕ್ಕೆ ಏನೋ ತಾಗಿತು. ಲೋಬಾನದ ಮಣ್ಣಿನ ತಟ್ಟೆ. ನಾನೇ ಕೋಣೆಯಿಂದ ಹೊರಗೆ ತಂದಿಟ್ಟದ್ದು. ಮುಟ್ಟಿ ನೋಡಿದೆ, ಬೂದಿಯೂ ತಣ್ಣಗಾಗಿತ್ತು. ಲೋಬಾನ ಇಲ್ಲಿದೆ, ಆರಿ ಎಷ್ಟೋ ಹೊತ್ತಾಗಿದೆ. ಹಾಗಾದರೆ ಒಳಗಿನ ಹೊಗೆ?

ಬಾಗಿಲು ತಳ್ಳಿದೆ. ಮೊದಲಿಗಿಂತ ದಟ್ಟ. ಕಣ್ಣು ಉರಿದವು. ಗಾದಿಯ ಒಲೆಯ ಕಡೆಯ ತುದಿಯಲ್ಲಿ ರೊಟ್ಟಿಯಷ್ಟು ಅಗಲದ ಕರಿ ಕಲೆ. ಉರಿಯಿಲ್ಲ, ಸದ್ದಿಲ್ಲ. ಕಲೆಯ ಅಂಚಿನಲ್ಲಿ ಮಾತ್ರ ಕೆಂಪು ಗೆರೆಯೊಂದು ಹುಳುವಿನ ಹಾಗೆ ಸರಿಯುತ್ತಿತ್ತು. ಅಕ್ಕನ ಹಿಮ್ಮಡಿ ಅದರಿಂದ ಒಂದು ಗೇಣು ದೂರ. ಕೂಗಿದೆ. ಅವಳು ಕಣ್ಣು ತೆರೆಯಲಿಲ್ಲ.

ಕೂಸನ್ನು ಎತ್ತಿಕೊಂಡೆ. ಅದರ ಕುತ್ತಿಗೆ ನನ್ನ ತೋಳಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತು. ಹೊರಗೆ ಓಡಿ ಅಂಗಳದ ಗೋಣಿತಟ್ಟಿನ ಮೇಲೆ ಮಲಗಿಸಿ, ಅದು ಉಸಿರಾಡುತ್ತಿದೆಯೋ ಇಲ್ಲವೋ ನೋಡಲು ನಿಲ್ಲದೆ ತಿರುಗಿ ಒಳಗೆ ಹೋದೆ. ನೋಡಿದರೆ ಮತ್ತೆ ಒಳಗೆ ಹೋಗುವ ಧೈರ್ಯ ಉಳಿಯುವುದಿಲ್ಲ ಎನ್ನುವುದು ಹೇಗೋ ಗೊತ್ತಿತ್ತು.

ಅಕ್ಕನ ಕಂಕುಳಿಗೆ ಕೈ ಹಾಕಿ ಎಳೆದೆ. ಅವಳಿಗೆ ಅರೆ ಎಚ್ಚರವಾಯಿತು. ಆದರೆ ಅವಳು ಎದ್ದು ಬರಲಿಲ್ಲ, ಬಾಗಿಲ ಕಡೆ ಕೈ ಬೀಸಿದಳು.

"ಬಾಗಲಾ ಹಾಕ… ಗಾಳಿ ಬಡೀತೈತಿ."

ಹೊಗೆಯಲ್ಲಿ ಮುಳುಗುತ್ತಿದ್ದವಳು ಗಾಳಿಗೆ ಹೆದರಿ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಂಬತ್ತು ದಿನ ನಾವೆಲ್ಲ ಅವಳಿಗೆ ಹೇಳಿದ್ದು ಅದೊಂದನ್ನೇ. ಒಂದೊಂದೇ ಬೆರಳು ಬಿಡಿಸಿದೆ. ದಿಂಬಿನ ಕೆಳಗಿನ ಕಂಬಳಿಯನ್ನು ನೆಲಕ್ಕೆ ಹಾಸಿ, ಅವಳನ್ನು ಅದರ ಮೇಲೆ ಉರುಳಿಸಿ, ಕಂಬಳಿಯ ಎರಡು ಮೂಲೆ ಹಿಡಿದು ಹಿಂದಕ್ಕೆ ನಡೆಯುತ್ತ ಎಳೆದೆ. ಹೊಸ್ತಿಲು ದಾಟುವಾಗ ಅವಳ ಸೊಂಟ ಬಡಿಯಿತು, ನರಳಿದಳು. ಆ ನರಳಿಕೆ ಕೇಳಿ ನನಗೆ ಜೀವ ಬಂತು.

ಅಂಗಳಕ್ಕೆ ಬರುವ ಹೊತ್ತಿಗೆ ಕೂಸು ಒಮ್ಮೆ ಸೀನಿತು. ಒಂದೇ ಸಲ. ಅಳಲಿಲ್ಲ, ಕಣ್ಣು ತೆರೆಯಲಿಲ್ಲ. ಆದರೆ ಸೀನಿತು.

ಹಿಂದೆ ಕೋಣೆಯಲ್ಲಿ ಗಾದಿಗೆ ಗಾಳಿ ತಾಗಿ ಭಗ್ಗೆಂದಿತು. ನಾನು ಒಳಗೆ ಹೋಗಿ ಮೂಲೆಯ ಗಡಿಗೆ ಎತ್ತಿ ಸುರಿದೆ. ಉರಿ ಕೂತಿತು, ಹೊಗೆ ಮಾತ್ರ ಇನ್ನೂ ಹೆಚ್ಚಾಯಿತು. ಎರಡನೆಯ ಗಡಿಗೆ ಎತ್ತುವಾಗ ಯಾರೋ ಹಿಂದಿನಿಂದ ನನ್ನ ತೋಳು ಹಿಡಿದರು. ಬಾಜು ಮನೆಯ ಕಾಕಾ. ಅಣ್ಣಿಗೇರಿಯಲ್ಲಿ ಹತ್ತಿಯ ಬೀಜ ತೆಗೆಯುವ ಜಿನ್ನಿನಲ್ಲಿ ವರ್ಷಗಟ್ಟಲೆ ದುಡಿದು, ಈಗ ಮೊಣಕಾಲು ನೋವಿನಿಂದ ಮನೆ ಹಿಡಿದವರು. ಚರಗಕ್ಕೆ ಹೋಗದೆ ಉಳಿದಿದ್ದರು. ನಾನು ಕೂಗಿದ್ದು ನನಗೇ ನೆನಪಿಲ್ಲ, ಅವರಿಗೆ ಕೇಳಿಸಿತ್ತು.

"ನೀರಿಗೆ ಅದು ಜಗ್ಗೂದಿಲ್ಲ, ತಂಗಿ. ಹಿಡಿ ಆ ತುದಿ. ಹೊರಗ ಎಳಿ."

ಅವರು ಕುಂಟುತ್ತಲೇ ಒಂದು ತುದಿ ಹಿಡಿದರು. ಇಬ್ಬರೂ ಗಾದಿಯನ್ನು ಹಿತ್ತಲಿಗೆ ಎಳೆದು ತಿಪ್ಪೆಗುಂಡಿಗೆ ಕೆಡವಿದೆವು. ಅವರು ಗುದ್ದಲಿಯಿಂದ ಅದರ ಹೊಟ್ಟೆ ಸೀಳಿದರು. ಮೇಲೆ ನೀರು ಇಳಿಯುತ್ತಿದ್ದ ಗಾದಿಯ ಒಳಗೆ ನೀರು ತಾಗದ ಕೆಂಡದ ಗೂಡು ಇತ್ತು. ಕಾಕಾ ಅದರ ಮೇಲೆ ಮಣ್ಣು ಎಳೆದು ಹಾಕಿ, ಬಚ್ಚಲಿಗೆ ಹೋಗಿ ಒಲೆಯ ಕೊರಡುಗಳನ್ನೂ ಹೊರಗೆ ಎಳೆದರು. ಆಮೇಲೆ ಬೆವರು ಒರೆಸಿಕೊಳ್ಳುತ್ತ, ನನ್ನ ಮುಖ ನೋಡಿ ನಗಿಸಲೆಂದೋ ಏನೋ ಅಂದರು.

"ಹತ್ತಿ ಬೆಂಕಿ ಅಂದ್ರ ಅತ್ತೀ ಸಿಟ್ಟು ಇದ್ದಂಗ. ಆರೇತಿ ಅಂತ ಬೆನ್ನು ತಿರಗಸಬಾರದು."

ಅವರು ಹೇಳಿದ್ದು ನಿಜವಾಯಿತು. ಎರಡು ತಾಸಿನ ಮೇಲೆ ಆ ಮಣ್ಣಿನೊಳಗಿಂದ ಮತ್ತೆ ಹೊಗೆ ಎದ್ದಿತು.

ನನಗೆ ನಗು ಬರಲಿಲ್ಲ. ಅಂಗಳಕ್ಕೆ ಓಡಿದೆ. ಅಕ್ಕ ಕಂಬಳಿಯ ಮೇಲೆ ಮಗ್ಗಲಾಗಿ ವಾಂತಿ ಮಾಡಿಕೊಂಡಿದ್ದಳು. ಅವಳ ಕಣ್ಣು ಈಗ ತೆರೆದಿತ್ತು, ಕೂಸನ್ನು ಹುಡುಕುತ್ತಿತ್ತು. ಕೂಸನ್ನು ಅವಳ ಮಡಿಲಿಗೆ ಕೊಟ್ಟೆ. ಅವಳು ಎದೆಗೆ ಹಚ್ಚಿದಳು. ಅದು ಬಾಯಿ ತೆರೆಯಲಿಲ್ಲ. ಕೆನ್ನೆ ತಟ್ಟಿದೆವು, ಅಂಗಾಲು ತಿಕ್ಕಿದೆವು. ಉಸಿರು ಇತ್ತು, ಹೊಟ್ಟೆ ಏರಿಳಿಯುತ್ತಿತ್ತು, ಅಷ್ಟೇ. ಕಾಕಾ ದೂರದಲ್ಲಿ ಮುಖ ತಿರುಗಿಸಿ ಕೂತು, ಬಯಲಿನಲ್ಲೇ ಇರಲಿ, ಒಳಗೆ ಒಯ್ಯಬೇಡ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಜಿನ್ನಿನಲ್ಲಿ ಹೊಗೆ ಕುಡಿದವರನ್ನು ಅವರು ಕಂಡಿದ್ದರಂತೆ. ಅವರಲ್ಲಿ ಕೆಲವರನ್ನು ಬಯಲ ಗಾಳಿಗೆ ತಂದಾಗ ಎದ್ದು ಕೂತದ್ದನ್ನೂ ಕಂಡಿದ್ದರಂತೆ.

ಹೀಗೆ ಕೂತಿರುವಾಗ ಚಕ್ಕಡಿ ಬಂತು.

ಅವ್ವ ಚಕ್ಕಡಿಯಿಂದ ಇಳಿದವಳೇ ಬುಟ್ಟಿ ಕೈಬಿಟ್ಟಳು. ಅವಳಿಗೆ ಹೊಗೆ ಕಾಣಲಿಲ್ಲ, ಸುಟ್ಟ ವಾಸನೆ ಬಡಿಯಲಿಲ್ಲ. ಕಂಡದ್ದು ಇಷ್ಟೇ, ಒಂಬತ್ತು ದಿನದ ಬಾಣಂತಿ ತಲೆಗೆ ಬಟ್ಟೆ ಇಲ್ಲದೆ, ಮಾಗಿಯ ಗಾಳಿಯಲ್ಲಿ, ಬಯಲಿನಲ್ಲಿ ಕೂತಿದ್ದಾಳೆ. ಯಾರ ಮಾತನ್ನೂ ಕೇಳದೆ ಅಕ್ಕನ ರಟ್ಟೆ ಹಿಡಿದು ಒಳಗೆ ನಡೆ ಎಂದು ಎಬ್ಬಿಸತೊಡಗಿದಳು. ನಾನು ನಡೆದದ್ದನ್ನು ಹೇಳುತ್ತಿದ್ದೆ. ನನ್ನ ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ.

ದೊಡ್ಡವ್ವ ನಮ್ಮನ್ನು ದಾಟಿ ಕೋಣೆಗೆ ಹೋದಳು. ಒಂದು ನಿಮಿಷ ಒಳಗೆ ಇದ್ದಿರಬೇಕು. ಹೊರಗೆ ಬಂದವಳು ಮೊದಲು ಕೋಣೆಯ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು. ಕಿಟಕಿಯ ಸೀರೆಯನ್ನು ಕಿತ್ತು ಅಂಗಳಕ್ಕೆ ಎಸೆದಳು. ಮಾಳಿಗೆ ಹತ್ತಿ ಬೆಳಕಿಂಡಿ ತೆರೆಯಲು ಅಪ್ಪನಿಗೆ ಹೇಳಿದಳು. ಆಮೇಲೆ ಅವ್ವನ ಕೈಯನ್ನು ಅಕ್ಕನ ರಟ್ಟೆಯಿಂದ ಬಿಡಿಸಿದಳು.

"ಬಿಡ ಆಕೀನ್ನ. ಗಾಳಿ ಗಾಳಿ ಅಂತ ಬಡಕೊಂಡಾಕಿ ನಾನ. ಇವತ್ತ ಆಕೀಗೆ ಗಾಳೀನ ಔಷಧ."

ದೊಡ್ಡವ್ವ ನೆಲದಲ್ಲಿ ಕಾಲು ಚಾಚಿ ಕೂತು, ಕೂಸನ್ನು ತನ್ನ ಮೊಣಕಾಲುಗಳ ಮೇಲೆ ಮಲಗಿಸಿಕೊಂಡು, ಅದರ ಕುಂಚಿಗೆ ಬಿಚ್ಚಿ ನೆತ್ತಿಗೆ ಗಾಳಿ ಬಿಟ್ಟಳು. ಕಾಲಿನ ಕಿರುಬೆರಳನ್ನು ಚಿವುಟಿದಳು. ಕೂಸು ಮುಖ ಕಿವುಚಿತು. ಮತ್ತೆ ಚಿವುಟಿದಳು. ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಅತ್ತು ನಿಲ್ಲಿಸಿತು. ಅವಳು ಬಿಡಲಿಲ್ಲ. ಮಲಗಲು ಬಿಟ್ಟರೆ ತಾನೇ ಮಲಗುವುದು ಎನ್ನುತ್ತ ಅದನ್ನು ಕಾಡಿಸುತ್ತಲೇ ಇದ್ದಳು.

ಅಪ್ಪ ಯಾರದೋ ಟ್ರ್ಯಾಕ್ಟರ್ ಮೇಲೆ ಮೊರಬಕ್ಕೆ ಹೋಗಿ ಡಾಕ್ಟರನ್ನು ಕರೆತಂದ. ಅವರು ಅಕ್ಕನ ಕಣ್ಣು, ಉಗುರು ನೋಡಿದರು, ಕೂಸಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣಿಗೆ ಕಾಣುವ ಹೊಗೆಗಿಂತ ಅದರ ಜೊತೆಗಿರುವ ಕಾಣದ ವಿಷ ಕೆಟ್ಟದ್ದು, ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಮಲಗಿಸಿಯೇ ಬಿಡುತ್ತದೆ ಎಂದರು. ಇನ್ನೂ ಅರ್ಧ ತಾಸು ಹೋಗಿದ್ದರೆ ಎಂದು ಶುರು ಮಾಡಿ, ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಅಕ್ಕನ ಚಿಂತೆ ಇಲ್ಲ, ಕೂಸು ಹಾಲು ಕುಡಿಯಲಿ, ಕುಡಿದರೆ ಹೆದರಬೇಕಾಗಿಲ್ಲ ಎಂದು ಹೇಳಿ, ತಾವೂ ಪಡಸಾಲೆಯಲ್ಲಿ ಕೂತರು.

ಆ ಕಾಯುವಿಕೆಯನ್ನು ಹೇಗೆ ಬರೆಯಲಿ? ನೆರಳು ಅಂಗಳ ದಾಟಿ ಗೋಡೆ ಹತ್ತಿತು. ಹೊಲದಿಂದ ಬಂದ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಏನಾಯಿತೆಂದು ಪಿಸುಗುಟ್ಟಿ ಕೇಳಿ, ಹೋಗದೆ ನಿಂತರು. ಅಕ್ಕ ಪ್ರತಿ ಸ್ವಲ್ಪ ಹೊತ್ತಿಗೆ ಕೂಸನ್ನು ಎದೆಗೆ ಹಚ್ಚುತ್ತಿದ್ದಳು, ಅದರ ತುಟಿಗೆ ಒಂದು ಹನಿ ಹಾಲು ಹಿಂಡುತ್ತಿದ್ದಳು. ಹನಿ ಕೆನ್ನೆಯ ಮೇಲಿಂದ ಇಳಿದು ಹೋಗುತ್ತಿತ್ತು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಮುಂಚೆ ಅಕ್ಕ ಒಮ್ಮೆಲೇ ಹುಬ್ಬು ಗಂಟು ಹಾಕಿದಳು. ನಾವೆಲ್ಲ ಎದ್ದು ನಿಂತೆವು. ಅವಳು ತಲೆ ಎತ್ತದೆ, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೇಳಿದಳು.

"ಜಗ್ಗಾಕತ್ತೈತಿ."

ಕೂಸು ಹಾಲು ಎಳೆಯುತ್ತಿತ್ತು. ಮೊದಲು ನಿಂತು ನಿಂತು, ಆಮೇಲೆ ಎಂದಿನ ಹಾಗೆ ಗುಟುಕಿನ ಸದ್ದು ಮಾಡುತ್ತ. ಅಷ್ಟು ಜನ ಇದ್ದ ಅಂಗಳದಲ್ಲಿ ಆ ಸದ್ದು ಒಂದೇ ಕೇಳುತ್ತಿತ್ತು. ಅವ್ವ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು, ಹದಿನೈದು ದಿನ ಕಳೆಯಲಿ ಎಂದು ಕಾಯಲಿಲ್ಲ. ಡಾಕ್ಟರಿಂದ ಹಿಡಿದು ಬಾಗಿಲಲ್ಲಿ ನಿಂತವರ ತನಕ ಎಲ್ಲರ ಅಂಗೈಗೂ ಹಾಕಿದಳು. ನನ್ನ ಅಂಗೈಗೂ ಹಾಕಿದಳು.

ಮಾರನೆಯ ದಿನ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಕೋಣೆಗೆ ಕರೆದಳು. ಕಟ್ಟೆಯ ಮೇಲೆ ಗಾದಿಯ ಕರಿ ಅಚ್ಚು ಹಾಗೇ ಇತ್ತು. ಗಡಿಗೆ ಯಾರು ಸರಿಸಿದರು ಎಂದು ಕೇಳಿದಳು. ನಾನೇ ಎಂದೆ. ಬೈಗುಳಕ್ಕೆ ಕಾಯುತ್ತ ನಿಂತೆ. ಅವಳು ಸೀಳು ಬಿದ್ದ ಕಲ್ಲಿನ ಮೇಲೆ ಬೆರಳಾಡಿಸಿದಳು.

"ಬ್ಯಾಡ ಅಂದೆ ನಾ. ಯಾಕ ಅಂತ ಹೇಳಿದ್ನೇನು? ಹೇಳಿದ್ದಿಲ್ಲ. ಕಂಬಳಿ ಸುಟ್ರ ನಾರತೈತಿ, ಊರಿಗೆಲ್ಲ ಗೊತ್ತಾಗತೈತಿ. ಹತ್ತಿ ಮೂಕಿ. ಸುಟಗೋತ ಸುಮ್ಮನ ಇರತೈತಿ."

ಆ ಮಾತು ನನ್ನ ಅರ್ಧ ಭಾರ ಇಳಿಸಿತು. ಉಳಿದ ಅರ್ಧ ನನ್ನದೇ, ಅದನ್ನು ಇಳಿಸಲು ಯಾರಿಂದಲೂ ಆಗುವುದಿಲ್ಲ.

ಆ ದಿನವೇ ಇಬ್ಬರೂ ಕೂಡಿ ಕಟ್ಟೆಯನ್ನು ಸರಿಮಾಡಿದೆವು. ಸೀಳು ಬಿದ್ದ ಕಲ್ಲನ್ನು ತೆಗೆದು ಹಿತ್ತಲಲ್ಲಿದ್ದ ದಪ್ಪ ಕಲ್ಲು ಕೂಡಿಸಿ, ಮಣ್ಣಿಗೆ ಹೊಟ್ಟು ಸೇರಿಸಿ ತುಳಿದು ನಾಲ್ಕು ಬೆರಳು ದಪ್ಪ ಮೆತ್ತಿದೆವು. ಅದು ಒಣಗಲು ಎರಡು ದಿನ ಬಿಟ್ಟು, ಒಲೆಗೆ ಸಣ್ಣ ಉರಿ ಹಾಕಿ, ಎಲ್ಲಿಂದ ಹೊಗೆ ಸೋರುತ್ತದೆ ಎಂದು ದೀಪ ಹಿಡಿದು ಪೂರ್ತಿ ಕಟ್ಟೆ ನೋಡಿದೆವು. ಬೆಳಕಿಂಡಿಯ ಮುಚ್ಚಳ ಮತ್ತೆ ಕವುಚಲಿಲ್ಲ. ಕಿಟಕಿಯ ಮೇಲಿನ ಅರ್ಧ ತೆರೆದೇ ಉಳಿಯಿತು, ಕೆಳಗಿನ ಅರ್ಧಕ್ಕೆ ಮಾತ್ರ ಬಟ್ಟೆ ಕಟ್ಟಿದೆವು. ಮಲಗಿದವಳಿಗೆ ನೇರ ಗಾಳಿ ತಾಗದೆ ಕೋಣೆಗೆ ಮಾತ್ರ ಉಸಿರು ಬರಲಿ ಎಂದು.

ಕೂರುವ ಜಾಗ ಗೊತ್ತು ಮಾಡುವುದನ್ನು ದೊಡ್ಡವ್ವ ಆಗ ಕಲಿಸಿದಳು. ಒಲೆ ಚೆನ್ನಾಗಿ ಉರಿದು ಒಂದು ತಾಸಿನ ಮೇಲೆ ಬರಿ ಕಟ್ಟೆಯ ಮೇಲೆ ಅಂಗೈ ಊರಿ ಇಪ್ಪತ್ತು ಎಣಿಸಬೇಕು. ಎಲ್ಲಿ ಇಪ್ಪತ್ತರ ತನಕ ಕೈ ತಡೆಯುತ್ತದೋ ಅಲ್ಲಿಂದ ಹಾಸಿಗೆ. ತಡೆಯದ ಕಡೆ ಯಾರೂ ಹಾಸದಂತೆ ಗಡಿಗೆ, ಯಾರು ಏನೇ ಹೇಳಲಿ. ಹಾಸಿಗೆಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ತಲೆ ಬಾಗಿಲ ಕಡೆಗೇ ಇರಬೇಕು, ಒಲೆಯ ಕಡೆಗೆ ಎಂದೂ ಅಲ್ಲ. ಕಂಬಳಿ ಚುಚ್ಚುವುದಕ್ಕೆ ಅವಳೇ ಉಪಾಯ ಮಾಡಿದಳು. ಅಕ್ಕನಿಗೆ ಉದ್ದ ತೋಳಿನ ದಪ್ಪ ಕುಪ್ಪಸ ತೊಡಿಸಿ, ಸೊಂಟಕ್ಕೆ ಆಸರೆಯಾಗಿ ಜೋಳದ ಹೊಟ್ಟು ತುಂಬಿದ ಸಣ್ಣ ಚೀಲವೊಂದನ್ನು ಬೆನ್ನ ಹಿಂದೆ ಇಟ್ಟಳು, ಅದೂ ಕಟ್ಟೆಯ ತಣ್ಣನೆಯ ತುದಿಯಲ್ಲಿ. ಕಾಲು ಚಾಚಲು ಕಟ್ಟೆಯ ಮುಂದೆ ಅಷ್ಟೇ ಎತ್ತರದ ಮಣೆ ಇಟ್ಟಳು. ಇದನ್ನೆಲ್ಲ ಮೊದಲೇ ಮಾಡಬಹುದಿತ್ತು. ಯಾರಿಗೂ ತೋಚಿರಲಿಲ್ಲ.

ಐದನೆಯ ದಿನ ಅಕ್ಕ ಮತ್ತೆ ಕಟ್ಟೆಯ ಮೇಲೆ ಕೂರುತ್ತೇನೆ ಎಂದಳು. ಹೊರಸೇ ಸಾಕು, ಇನ್ನೆರಡು ದಿನ ಹೋಗಲಿ ಎಂದೆ. ಸೊಂಟಕ್ಕೆ ಬಿಸಿ ಬೇಕು, ನಿನ್ನ ಹೆದರಿಕೆ ಆರಲಿ ಎಂದು ಎಷ್ಟು ದಿನ ಕಾಯಲಿ ಎನ್ನುತ್ತ ಅವಳು ಎದ್ದು ಹೋಗಿ ಕೂತೇಬಿಟ್ಟಳು. ನಾನು ಅವಳ ಬಾಜು ಕೂತು ಕಂಬಳಿಯ ಕೆಳಗೆ ಕೈ ಇಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಇಟ್ಟೆ. ಮತ್ತೆ ಮೊದಲಿನ ಕಡೆ. ಅವಳು ನೋಡುವ ತನಕ ನೋಡಿ, ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನನ್ನು ಕೆಣಕಿದಳು.

"ಧಾರವಾಡದಾಗ ಇದನ್ನ ಕಲಸ್ತಾರೇನ, ಕೋಳಿಗತೆ ತತ್ತಿ ಹುಡಕೂದು?"

ನಾನು ನಗಲು ಹೋಗಿ ಅತ್ತುಬಿಟ್ಟೆ. ಅವಳು ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಮೈಯಿಂದ ಹಾಲಿನ, ಅರಿಶಿನದ, ಕಂಬಳಿಯ ವಾಸನೆ ಬರುತ್ತಿತ್ತು. ಚರಗದ ದಿನದಿಂದ ನಾನು ಸರಿಯಾಗಿ ಮಲಗಿರಲಿಲ್ಲ. ಕಣ್ಣು ಮುಚ್ಚಿದರೆ ಆ ಕೆಂಪು ಗೆರೆ ಹರಿಯುತ್ತಿತ್ತು, ಎದ್ದು ಹೋಗಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಕಟ್ಟೆಯ ಬಿಸಿ ಬೆನ್ನಿಗೆ ಹತ್ತುತ್ತಿತ್ತು, ಹದವಾಗಿ, ಎಲ್ಲೂ ಹೆಚ್ಚಿಲ್ಲದೆ. ಅಷ್ಟು ನೆನಪಿದೆ.

ಎಚ್ಚರವಾದಾಗ ಮರುದಿನ ಬೆಳಗಾಗಿತ್ತು, ನಾನು ಕಟ್ಟೆಯ ಮೇಲೆ ಒಬ್ಬಳೇ ಮಲಗಿದ್ದೆ. ಯಾರೋ ಕೌದಿ ಹೊದಿಸಿದ್ದರು. ಬಾಜು ಅಕ್ಕ ಇರಲಿಲ್ಲ, ಕೂಸು ಇರಲಿಲ್ಲ. ಕೌದಿ ಒದ್ದು ಎದ್ದೆ, ಕಾಲಿಗೆ ಸಿಕ್ಕ ಮಣೆ ಉರುಳಿತು. ಬಾಗಿಲು ಪೂರ್ತಿ ತೆರೆದಿತ್ತು. ಅಲ್ಲಿಂದ ಅಂಗಳ ಕಾಣುತ್ತಿತ್ತು.

ಎಳೆ ಬಿಸಿಲಿನಲ್ಲಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಅಕ್ಕ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ದೊಡ್ಡವ್ವ ಕಾಲು ಚಾಚಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೂಸಿನ ಮೂಗು ಯಾರದು ಎಂದು ಇಬ್ಬರಿಗೂ ವಾದ ಹತ್ತಿತ್ತು. ತಮ್ಮ ಬಮ್ಮಿಗಟ್ಟಿಯ ಮೂಗು ಎಂದು ದೊಡ್ಡವ್ವ ಸಾಧಿಸುತ್ತಿದ್ದಳು. ರಕ್ತ ಸಂಬಂಧವೇ ಇಲ್ಲದ ನಿನ್ನ ತವರಿನ ಮೂಗು ಇದಕ್ಕೆ ಹೇಗೆ ಬಂತು ಎಂದು ಅಕ್ಕ ನಗುತ್ತಿದ್ದಳು. ಎಣ್ಣೆ ಕಣ್ಣಿಗೆ ಹೋಗಿತ್ತೋ ಏನೋ, ಕೂಸು ಇಡೀ ಓಣಿಗೆ ಕೇಳುವಂತೆ ಅಳುತ್ತಿತ್ತು.

ನಾನು ತಿರುಗಿ ಹೋಗಿ ಮಲಗಿಕೊಂಡೆ.